ಕೋಶಕಾರ ಕಿಟ್ಟೆಲರು

ಕನ್ನಡ ನಾಡಿನಲ್ಲಿ ಹುಟ್ಟದೆ, ಕನ್ನಡವನ್ನು ತಾಯಿಯ ಬಾಯಿಂದ ಕಲಿಯದೆ, ಕನ್ನಡದ ಸೇವೆಯಲ್ಲಿಯೇ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದ ಮಹನೀಯರಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಹೆಸರು ಮೊದಲ ಸಾಲಿನಲ್ಲಿ ನಿಲ್ಲತಕ್ಕದ್ದು. ಅವರು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನ ಹೆಸರನ್ನು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳೆಲ್ಲರೂ ಕೇಳಿರುತ್ತಾರೆ. ಅವರ ಜೀವನವನ್ನು ಬಲ್ಲವರು ಮಾತ್ರ ಕಡಿಮೆ. ಬಲ್ಲವರು ಕಡಿಮೆಯಾದಲ್ಲಿ ಊಹೆಗೆ ಎಡೆ ಹೆಚ್ಚು. ಕಿಟ್ಟೆಲರು ಇಂಗ್ಲಿಷರೆಂದೂ, ಇಂಗ್ಲಿಷ್ ಸರ್ಕಾರವು ತನ್ನ ಆಳ್ವಿಕೆಯನ್ನು ಭದ್ರಪಡಿಸಿಕೊಳ್ಳಲು ಅವರನ್ನು ಕಳುಹಿಸಿತೆಂದೂ, ಕ್ರೈಸ್ತಧರ್ಮವೇ ಈ ದೇಶಕ್ಕೆ ಕಂಪನಿಯ ಹಡಗುಗಳಲ್ಲಿ ಬಂದಿಳಿಯಿತೆಂದೂ, ನಿಘಂಟು ಮತಾಂತರದ ಒಂದು ಬಲೆಯೆಂದೂ ಹೇಳುವವರು ಈಗಿನ ಕಾಲದಲ್ಲಿ ಹಲವರಿದ್ದಾರೆ. ಇದಕ್ಕೆ ಎದುರಾಗಿ, ಕಿಟ್ಟೆಲರು ಬಾರದಿದ್ದರೆ ಕನ್ನಡಕ್ಕೆ ನಿಘಂಟೇ ಇರುತ್ತಿರಲಿಲ್ಲವೆಂದು ಭಕ್ತಿಯಿಂದ ನುಡಿಯುವವರೂ ಉಂಟು. ಈ ಎರಡು ಬಗೆಯ ಮಾತುಗಳನ್ನೂ ಅವರ ಜೀವನದ ಸಂಗತಿಗಳ ಪಕ್ಕದಲ್ಲಿಟ್ಟು ನೋಡಬೇಕಾಗಿದೆ.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ಅಂಚಿನಲ್ಲಿ, ಪೂರ್ವ ಫ್ರೀಸ್‌ಲೆಂಡ್ ಎಂಬ ತಗ್ಗು ಪ್ರದೇಶವಿದೆ. ಕಡಲು ಒಳನುಗ್ಗದಂತೆ ಅಲ್ಲಿಯ ಜನರು ತಲೆತಲಾಂತರದಿಂದ ಮಣ್ಣಿನ ಏರಿಗಳನ್ನು ಕಟ್ಟಿಕೊಂಡು ಬಾಳುತ್ತ ಬಂದಿದ್ದಾರೆ. ಆ ಸೀಮೆಯ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ 1832ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಕಿಟ್ಟೆಲರು ಜನಿಸಿದರು. ತಂದೆ ಗಾಟ್‌ಫ್ರೀಡ್ ಕಿಟ್ಟೆಲರು ಪಾದ್ರಿಗಳು. ಆ ಪ್ರದೇಶವು ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಹ್ಯಾನೋವರಿನ ಅಂದಿನ ದೊರೆಯೇ ಇಂಗ್ಲೆಂಡಿನ ದೊರೆಯೂ ಆಗಿದ್ದನೆಂಬುದನ್ನು ಇತಿಹಾಸ ಬಲ್ಲವರಾರಾದರೂ ನೆನಪಿಸಬಹುದು. ನಿಜ. ಆದರೆ ಕಿಟ್ಟೆಲರಿಗೆ ಐದು ವರ್ಷ ತುಂಬಿದ 1837ರಲ್ಲಿ ಆ ನಂಟೂ ಕಡಿದುಹೋಯಿತು. ಒಬ್ಬ ಅರಸನು ಎರಡು ಕಿರೀಟ ಧರಿಸಿದ ಮಾತ್ರಕ್ಕೆ ಎರಡು ಜನಾಂಗಗಳು ಒಂದಾಗುವುದಿಲ್ಲವಷ್ಟೆ! ಕಿಟ್ಟೆಲರ ಮಾತೃಭಾಷೆ ಜರ್ಮನ್. ಇಂಗ್ಲಿಷನ್ನು ಅವರು ನಾವೂ ನೀವೂ ಕಲಿತಂತೆ ಶಾಲೆಯಲ್ಲಿ ಕಲಿತರು.

ಬಾಲಕನಾಗಿದ್ದಾಗಲೇ ಭಾಷೆಗಳಲ್ಲಿ ಅವರಿಗೆ ಆಸಕ್ತಿ. ಔರಿಚ್ ಎಂಬ ಪಟ್ಟಣದ ಪ್ರೌಢಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಪ್ರಾಚೀನ ಭಾಷೆಗಳನ್ನು ಅಭ್ಯಾಸ ಮಾಡಿದರು. ಪ್ರಾಚೀನ ಗ್ರಂಥಗಳನ್ನು ಪದಪದವಾಗಿ ಬಿಡಿಸಿ, ಧಾತುವನ್ನು ಹುಡುಕಿ, ಅರ್ಥವನ್ನು ನಿರ್ಣಯಿಸುವ ಈ ಶಿಕ್ಷಣವು ಮುಂದೆ ಕೇಶಿರಾಜನನ್ನು ಓದುವಾಗ ಅವರಿಗೆ ಎಷ್ಟು ನೆರವಾಗಿರಬೇಕೆಂಬುದನ್ನು ಊಹಿಸಬಹುದು. 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿದರು.

ಈ ಬಾಸೆಲ್ ಮಿಷನ್ನಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಏಕೆಂದರೆ ಮೇಲೆ ಹೇಳಿದ ತಪ್ಪು ತಿಳಿವಳಿಕೆಗಳಲ್ಲಿ ಅರ್ಧದಷ್ಟು ಇಲ್ಲಿಯೇ ತೀರುತ್ತವೆ. ರೈನ್ ನದಿಯ ದಡದ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಸಂಸ್ಥೆ ಸ್ಥಾಪಿತವಾಯಿತು. ಸ್ವಿಸ್ ಜನರ ಮತ್ತು ದಕ್ಷಿಣ ಜರ್ಮನಿಯ ಭಕ್ತರ ಕಾಣಿಕೆಗಳಿಂದ ಅದು ನಡೆಯುತ್ತಿತ್ತು. ಅಲ್ಲಿ ಓದಲು ಬರುತ್ತಿದ್ದವರಲ್ಲಿ ಬಹುಮಂದಿ ರೈತರ ಮತ್ತು ಕಸಬುದಾರರ ಮಕ್ಕಳು. ಸ್ವಿಟ್ಜರ್ಲೆಂಡಿಗೆ ಇಲ್ಲಿ ಒಂದು ಅಂಗುಲ ನೆಲವೂ ಇರಲಿಲ್ಲ.

ಇನ್ನು ಈಸ್ಟ್ ಇಂಡಿಯಾ ಕಂಪನಿಯ ನಡತೆಯನ್ನು ನೋಡಿರಿ. ಕಂಪನಿಗೆ ವ್ಯಾಪಾರ ಬೇಕು, ಕಂದಾಯ ಬೇಕು. ಜನರ ನಂಬಿಕೆಗಳನ್ನು ಕೆಣಕಿದರೆ ಎರಡಕ್ಕೂ ಸಂಚಕಾರವೆಂಬ ಭಯ ಅದಕ್ಕಿತ್ತು. ಆದುದರಿಂದ ಬಹುಕಾಲ ಅದು ಪಾದ್ರಿಗಳನ್ನು ತನ್ನ ಸೀಮೆಯೊಳಗೆ ಸೇರಿಸಲು ಒಪ್ಪಲಿಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿಯವರು ಇಂಗ್ಲಿಷರೇ ಆಗಿದ್ದರೂ, 1800ರಲ್ಲಿ ತಮ್ಮ ಕಾರ್ಯಸ್ಥಾನವನ್ನು ಡೆನ್ಮಾರ್ಕಿನ ಆಡಳಿತದಲ್ಲಿದ್ದ ಸೆರಾಂಪುರದಲ್ಲಿ ಕಟ್ಟಬೇಕಾಯಿತು. ಬ್ರಿಟಿಷ್ ಪಾರ್ಲಿಮೆಂಟು 1813ರಲ್ಲಿ ಕಂಪನಿಯ ಸನ್ನದನ್ನು ನವೀಕರಿಸುವಾಗ ಪಾದ್ರಿಗಳ ಪ್ರವೇಶಕ್ಕೆ ದಾರಿ ಮಾಡಿತು. 1833ರ ಸನ್ನದಿನಿಂದ ಇತರ ದೇಶಗಳ ಪಾದ್ರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಬಾಸೆಲ್ ಮಿಷನ್ನಿನ ಮೊದಲ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರಿಗೆ ಬಂದರು. ಆಳುವವರು ಬಾಗಿಲು ತೆರೆದ ಮೇಲೆ ಪಾದ್ರಿಗಳಿಗೆ ಅವರ ರಕ್ಷಣೆಯೂ, ಶಾಲೆಗಳಿಗೆ ಅವರ ಧನಸಹಾಯವೂ ದೊರಕಿದ್ದು ಸತ್ಯ. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಸರ್ಕಾರವೇ ಇವರನ್ನು ಕಳುಹಿಸಿತೆಂಬ ಮಾತಿಗೆ ಆಧಾರವಿಲ್ಲ.

ನಾವು ವಾಸವಾಗಿರುವ ಈ ಕರಾವಳಿಯನ್ನೇ ನೋಡಬಹುದು. ವಿಶಾಖಪಟ್ಟಣಕ್ಕೆ 1805ರಲ್ಲಿ ಬಂದು ತೆಲುಗು ಕಲಿತು ಸುವಾರ್ತೆಗಳನ್ನು ಭಾಷಾಂತರಿಸಲು ತೊಡಗಿದ ಕ್ರಾನ್ ಮತ್ತು ಡೆಗ್ರಾಂಜಸ್ ಎಂಬಿಬ್ಬರು ಲಂಡನ್ ಮಿಷನ್ನಿನವರು. ಇಬ್ಬರೂ ಐದು ವರ್ಷಗಳೊಳಗಾಗಿ ಇಲ್ಲಿಯೇ ತೀರಿಹೋದರು. ಇದು ಇಂಗ್ಲಿಷ್ ಸಂಸ್ಥೆಯೇ ಸರಿ. ಆದರೆ 1840ರ ದಶಕದಲ್ಲಿ ಇದೇ ನಗರಕ್ಕೆ ಬಂದು ಸೇಂಟ್ ಅಲೋಶಿಯಸ್ ಶಾಲೆಯನ್ನು ತೆರೆದ ಕ್ಯಾಥೋಲಿಕ್ ಗುರುಗಳು, ಇಂದು ಫ್ರಾನ್ಸಿಗೆ ಸೇರಿರುವ ಆನೆಸಿ ಎಂಬ ಊರಿನ ಕಡೆಯವರು. ಗುಂಟೂರಿಗೆ 1842ರಲ್ಲಿ ಬಂದವರು ಅಮೆರಿಕದ ಲೂಥರನ್ ಸಭೆಯವರು. ವಿಜಯವಾಡದ ಗುಣದಲ ಗುಡ್ಡದಲ್ಲಿ 1924ರಲ್ಲಿ ಮೇರಿಮಾತೆಯ ವಿಗ್ರಹವನ್ನಿಟ್ಟವರು ಇಟಲಿಯ ಗುರುಗಳು. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿ ಸೇರುವ ಜಾತ್ರೆಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಇವರೆಲ್ಲರನ್ನೂ ಇಂಗ್ಲಿಷರೆಂಬ ಒಂದೇ ಮೂಟೆಯಲ್ಲಿ ಕಟ್ಟುವುದು ಇತಿಹಾಸವಾಗಲಾರದು.

ಕ್ರೈಸ್ತಧರ್ಮದ ಆಗಮನದ ವಿಷಯದಲ್ಲಿಯಂತೂ ಕಾಲಗಣನೆ ಇನ್ನೂ ಸ್ಪಷ್ಟವಾಗಿದೆ. ಏಸುವಿನ ಶಿಷ್ಯ ತೋಮನು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದನೆಂಬುದು ಅಲ್ಲಿಯ ಕ್ರೈಸ್ತರ ಪರಂಪರೆಯ ನಂಬಿಕೆ. ನಂಬಿಕೆಯನ್ನು ನಂಬಿಕೆಯಾಗಿಯೇ ಬಿಡೋಣ. ಬರಹದ ಆಧಾರಗಳನ್ನು ನೋಡೋಣ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಾಸ್ ಎಂಬ ವರ್ತಕನು ಮೆಣಸು ಬೆಳೆಯುವ ಮಲೆನಾಡಿನಲ್ಲಿ ಕ್ರೈಸ್ತರ ಸಭೆಯಿತ್ತೆಂದು ಬರೆದಿದ್ದಾನೆ. ಇಂಗ್ಲಿಷ್ ಜನಾಂಗದ ಪೂರ್ವಿಕರಿಗೆ ಈ ಧರ್ಮವನ್ನು ಬೋಧಿಸಲು ರೋಮಿನಿಂದ ಅಗಸ್ಟೀನನು ಕೆಂಟ್ ಪ್ರಾಂತಕ್ಕೆ ಬಂದದ್ದು 597ರಲ್ಲಿ, ಎಂದರೆ ಕಾಸ್ಮಾಸನ ಬರಹಕ್ಕಿಂತಲೂ ಈಚೆಗೆ. ಕೊಲ್ಲಂ ನಗರದ ಒಂದು ಕ್ರೈಸ್ತ ದೇವಾಲಯಕ್ಕೆ ವೇಣಾಡಿನ ಅರಸನು ಭೂಮಿಯನ್ನೂ ಹಕ್ಕುಗಳನ್ನೂ ದಾನ ಮಾಡಿದ ತಾಮ್ರಶಾಸನ 849ರದು. ಆಗ ನಮ್ಮ ನಾಡಿನಲ್ಲಿ ರಾಷ್ಟ್ರಕೂಟ ನೃಪತುಂಗನು ಆಳುತ್ತಿದ್ದನು. ಕವಿರಾಜಮಾರ್ಗ ಹುಟ್ಟಿದ ಕಾಲವದು. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ.

ಇದನ್ನು ಹೇಳಬೇಕಾದುದಕ್ಕೆ ಕಾರಣವುಂಟು. ಮನೆಯಲ್ಲಿ ಕನ್ನಡ ನುಡಿದು ಕನ್ನಡದಲ್ಲಿಯೇ ಪ್ರಾರ್ಥಿಸಿ ಭಾನುವಾರ ಚರ್ಚಿಗೆ ಹೋಗುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಇಂಗ್ಲಿಷರು ಬಿಟ್ಟುಹೋದ ಸಾಮಾನು ನೀವು ಎಂಬ ಅರ್ಥದ ಮಾತು ಆಟದ ಬಯಲಿನಲ್ಲಿ ಅವರ ಕಿವಿಗೆ ಬಿದ್ದುದುಂಟು. ಹುಡುಗರು ಇಂತಹ ಮಾತನ್ನು ತಾವಾಗಿ ಕಟ್ಟಲಾರರು. ದೊಡ್ಡವರಿಂದ ಕೇಳಿಯೇ ಆಡುತ್ತಾರೆ. ಆಂಧ್ರದ ನೆಲದಲ್ಲಿ ಕನ್ನಡ ಮಾತನಾಡುವುದಕ್ಕಾಗಿ ತಾವೇ ಹೊರಗಿನವರೆನಿಸಿಕೊಂಡು ನೊಂದವರು, ತಮ್ಮ ಪಕ್ಕದ ಗೆಳೆಯನನ್ನು ಇನ್ನೊಂದು ಕಾರಣಕ್ಕೆ ಹೊರಗಿನವನೆನ್ನುವುದು ವಿಚಿತ್ರವಾಗಿದೆ.

ಇರಲಿ, ಕಿಟ್ಟೆಲರತ್ತ ಮರಳೋಣ. ಬಾಸೆಲಿನಲ್ಲಿ ಮೂರು ವರ್ಷಗಳ ಶಿಕ್ಷಣವನ್ನು ಮುಗಿಸಿ 1853ರಲ್ಲಿ ಅವರು ಭಾರತಕ್ಕೆ ಬಂದರು. ಇಪ್ಪತ್ತೊಂದು ವರ್ಷದ ತರುಣ. ಧಾರವಾಡದಲ್ಲಿ ನೆಲೆಸಿ ಕನ್ನಡ ಕಲಿಯತೊಡಗಿದರು. ಪಾದ್ರಿಯಾದವನು ಬಂಗಲೆಯಲ್ಲಿದ್ದುಕೊಂಡು ವಾರಕ್ಕೊಮ್ಮೆ ಉಪದೇಶ ಮಾಡಿದರೆ ಸಾಲದು, ಭಾರತೀಯರ ಮಧ್ಯೆ ಭಾರತೀಯನಂತೆ ಬಾಳಬೇಕು ಎಂಬುದು ಅವರ ಹಂಬಲ. ಹಳ್ಳಿಯಿಂದ ಹಳ್ಳಿಗೆ ನಡೆದರು. ಜನರ ಮಾತು, ಗಾದೆ, ಪದ್ಯಗಳನ್ನು ಆಲಿಸಿದರು. ಪಂಡಿತರ ಬಳಿ ಕುಳಿತು ಹಳಗನ್ನಡ, ಸಂಸ್ಕೃತಗಳನ್ನು ವ್ಯಾಸಂಗ ಮಾಡಿದರು. ಈ ಮಾರ್ಗವು ಅವರ ಸಂಸ್ಥೆಯ ಹಿರಿಯರಿಗೆ ಹಿಡಿಸಲಿಲ್ಲ. ಬಾಸೆಲ್ ಮಿಷನ್ನು ಕಟ್ಟುನಿಟ್ಟಿನ ಸಂಸ್ಥೆ. ಯಾರು ಎಲ್ಲಿರಬೇಕು, ಯಾವ ಕೆಲಸ ಮಾಡಬೇಕು, ಯಾವಾಗ ವಿವಾಹವಾಗಬೇಕು ಎಂಬುದೆಲ್ಲವೂ ಬಾಸೆಲಿನಲ್ಲಿಯೇ ನಿರ್ಣಯವಾಗಬೇಕು. ತರುಣ ಕಿಟ್ಟೆಲರು ಸ್ವತಂತ್ರ ಮನೋಭಾವದವರು. ಹೀಗಾಗಿ ಅವರಿಗೂ ಹಿರಿಯರಿಗೂ ವಿರಸವುಂಟಾಯಿತು. ಉಪದೇಶ ಕಾರ್ಯದಲ್ಲಿ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ದೊರೆಯಲಿಲ್ಲ. ಅವರಿಂದ ಮತಾಂತರ ಹೊಂದಿದವರು ತೀರ ವಿರಳ. ಮತಾಂತರದ ಲೆಕ್ಕದಿಂದ ಅಳೆದರೆ ಕಿಟ್ಟೆಲರು ಸೋತ ಪಾದ್ರಿಗಳೇ. ಅವರನ್ನು ದೂರುವವರು ಈ ಸಂಗತಿಯನ್ನು ಗಮನಿಸಿದಂತೆ ತೋರುವುದಿಲ್ಲ.

ಮುಂದೆ ಅವರು ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿಯೂ ಕೆಲಸ ಮಾಡಿದರು. 1860ರಲ್ಲಿ ಪೌಲಿನಾ ಎಂಬುವರೊಡನೆ ವಿವಾಹವಾಯಿತು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಅನಂತರ ಆಕೆಯ ತಂಗಿಯನ್ನೇ ಕಿಟ್ಟೆಲರು ಮದುವೆಯಾದರು.

ಮಂಗಳೂರಿನಲ್ಲಿ ಆಗಲೇ ಬಾಸೆಲ್ ಮಿಷನ್ನಿನ ಮುದ್ರಣಾಲಯವಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರು ಸಮಾಚಾರವನ್ನು ಕಿಟ್ಟೆಲರಿಗಿಂತ ಹಿರಿಯರಾದ ಹರ್ಮನ್ ಮೊಗ್ಲಿಂಗರು 1843ನೆಯ ಜುಲೈ 1ರಂದು ಇಲ್ಲಿಂದಲೇ ಹೊರಡಿಸಿದರು. ಅದೇ ಮೊಗ್ಲಿಂಗರು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವನ್ನು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಅದರ ವೆಚ್ಚವನ್ನು ಕೊಟ್ಟವರು ನೀಲಗಿರಿಯಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದ ಕಾಸಾಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ. ನಮ್ಮದನ್ನೆಲ್ಲ ಹೀನವೆಂದು ತಳ್ಳಿದ ಪಾದ್ರಿಗಳು ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಂಥವರೂ ಇದ್ದರು, ಮೊಗ್ಲಿಂಗರ ಉಪದೇಶಗಳಲ್ಲಿಯೂ ಕಟುವಾದ ಖಂಡನೆಯುಂಟು. ಆದರೆ ತಾಡವೋಲೆಗಳಲ್ಲಿ ಹುಳು ತಿನ್ನುತ್ತಿದ್ದ ಬಸವನ ಕಥೆಯನ್ನೂ ಪುರಂದರದಾಸರ ಪದಗಳನ್ನೂ ಅಚ್ಚಿನ ಮೊಳೆಗೆ ಏರಿಸಿದ ಕೈಗಳು ಇವೇ.

ಈ ವಾತಾವರಣದಲ್ಲಿ ಕಿಟ್ಟೆಲರ ವಿದ್ವತ್ತು ಅರಳಿತು. 1862ರಲ್ಲಿ ಅವರು ಕಥಾಮಾಲೆ ಎಂಬ ಕೃತಿಯನ್ನು ಪ್ರಕಟಿಸಿದರು. ಏಸುವಿನ ಚರಿತೆಯನ್ನು ನಮ್ಮ ದೇಶೀಯ ಛಂದಸ್ಸಿನಲ್ಲಿ, ಕನ್ನಡ ಪದ್ಯರೂಪದಲ್ಲಿ ಹಾಡಿದ ಗ್ರಂಥವದು. ವಿದೇಶೀಯನೊಬ್ಬನು ಷಟ್ಪದಿಯ ಮಾತ್ರೆಗಳನ್ನು ಎಣಿಸುತ್ತ ಕುಳಿತ ದೃಶ್ಯವನ್ನು ಛಂದಸ್ಸಿನ ಪಾಠವೆಂದರೆ ಓಡಿಹೋಗುವ ನಮ್ಮ ಒಂಬತ್ತನೆಯ ತರಗತಿಯವರು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ! 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅವರು ಸಂಪಾದಿಸಿ ಹೊರತಂದರು. ಕೇಶಿರಾಜನು ಜೈನ ವೈಯಾಕರಣ. ಅವನ ಸೂತ್ರಗಳನ್ನು ಓಲೆಯಿಂದ ಓಲೆಗೆ ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದರಿಂದ ಕ್ರೈಸ್ತ ಸಭೆಗೆ ಒಬ್ಬ ಸದಸ್ಯನೂ ಹೆಚ್ಚುವುದಿಲ್ಲ. ಛಂದೋಂಬುಧಿಯೊಡನೆ ಅವರು ಕನ್ನಡ ಸಾಹಿತ್ಯವನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನೂ ಬರೆದರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ಅದಕ್ಕೆ ಮೂವತ್ತೆರಡು ವರ್ಷ ಮೊದಲಿನ ಪ್ರಯತ್ನವಿದು.

ಹಾಗೆಂದು ಅವರು ತಮ್ಮ ಮತವನ್ನು ಬದಿಗಿಟ್ಟ ವಿದ್ವಾಂಸರೆಂದು ತಿಳಿಯಬಾರದು. ವೈದಿಕ ಯಜ್ಞವನ್ನು ಕುರಿತು 1872ರಲ್ಲಿಯೂ, ಲಿಂಗಪೂಜೆಯ ಮೂಲವನ್ನು ಕುರಿತು 1876ರಲ್ಲಿಯೂ ಅವರು ಬರೆದ ಪುಸ್ತಕಗಳಲ್ಲಿ ಪಾದ್ರಿಯ ದೃಷ್ಟಿ ಬೆರೆತಿದೆ. ಈ ನಾಡಿನ ಜನರು ಕ್ರೈಸ್ತರಾಗಬೇಕೆಂಬ ಅಪೇಕ್ಷೆಯನ್ನು ಅವರು ಎಂದೂ ಬಚ್ಚಿಡಲಿಲ್ಲ. ಅದನ್ನು ಒಪ್ಪದವರು ಒಪ್ಪದಿರಬಹುದು. ಒಬ್ಬ ಮನುಷ್ಯನಲ್ಲಿ ತನ್ನ ಧರ್ಮದ ಮೇಲಿನ ನಿಷ್ಠೆಯೂ ಇನ್ನೊಬ್ಬರ ನುಡಿಯ ಮೇಲಿನ ಪ್ರೀತಿಯೂ ಒಟ್ಟಿಗೆ ಇರಬಲ್ಲವೆಂಬುದಕ್ಕೆ ಅವರ ಬಾಳು ಸಾಕ್ಷಿ.

ಈಗ ನಿಘಂಟಿನ ವಿಷಯ. ಕಿಟ್ಟೆಲರೇ ಕನ್ನಡದ ಮೊದಲ ಕೋಶಕಾರರೆಂಬುದು ಸರಿಯಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಕವಿ ರನ್ನನು ರನ್ನಕಂದವನ್ನು ಬರೆದನು. ಮುಂದೆ ನಾಗವರ್ಮನ ಅಭಿಧಾನ ವಸ್ತುಕೋಶ, ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಮೊದಲಾದವು ಬಂದುವು. ಇವು ಪದ್ಯದಲ್ಲಿ ಕಟ್ಟಿದ, ಬಾಯಿಪಾಠಕ್ಕೆ ಒದಗುವ ಕೋಶಗಳು. ಇಂಗ್ಲಿಷಿನ ಅರ್ಥ ಕೊಡುವ ಅಕಾರಾದಿ ಕೋಶವನ್ನು ಮೊದಲಿಗೆ ರಚಿಸಿದವರು ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್. ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಯಿತು. ಕಿಟ್ಟೆಲರು ತೊಟ್ಟಿಲಲ್ಲಿದ್ದ ವರ್ಷ! ಅದನ್ನು ಸ್ಯಾಂಡರ್ಸನ್ ಎಂಬುವರು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ಹಾಗಾದರೆ ಕಿಟ್ಟೆಲರು ಮಾಡಿದ್ದೇನು? ಇದ್ದ ಕೋಶಕ್ಕೆ ನಾಲ್ಕು ಪದ ಸೇರಿಸಿ ತೃಪ್ತರಾಗದೆ, ಅವರು ಬುಡದಿಂದಲೇ ಕಟ್ಟಿದರು. 1870ರ ದಶಕದಲ್ಲಿ ತೊಡಗಿದ ಈ ಕಾರ್ಯ ಇಪ್ಪತ್ತು ವರ್ಷಗಳನ್ನು ನುಂಗಿತು. ಹಳಗನ್ನಡ ಕಾವ್ಯಗಳನ್ನು ಓದಿ ಪದಗಳನ್ನು ಆಯ್ದರು. ಹಳ್ಳಿಯವರ ಬಾಯಿಂದ ಬಂದ ಮಾತುಗಳನ್ನು ಗುರುತು ಹಾಕಿಕೊಂಡರು. ಗಾದೆಗಳನ್ನು ಆಯಾ ಪದದ ಕೆಳಗೆ ಸೇರಿಸಿದರು. ಒಂದು ಪದವು ಮೈಸೂರು ಸೀಮೆಯದೋ ಧಾರವಾಡದ ಕಡೆಯದೋ ಎಂಬುದನ್ನು ಸಂಕೇತಾಕ್ಷರಗಳಿಂದ ಸೂಚಿಸಿದರು. ಅರ್ಥಕ್ಕೆ ಆಧಾರವಾಗಿ ಶಬ್ದಮಣಿದರ್ಪಣ, ಬಸವಪುರಾಣ, ಜೈಮಿನಿ ಭಾರತ, ದಾಸರ ಪದ ಮುಂತಾದವುಗಳ ಪ್ರಯೋಗಗಳನ್ನು ಕೊಟ್ಟರು. ಬಳಕೆಯಿಂದ ಜಾರಿಹೋಗಿದ್ದ ಱ ಮತ್ತು ೞ ಎಂಬ ಹಳಗನ್ನಡದ ಎರಡು ಅಕ್ಷರಗಳನ್ನು ಅವುಗಳ ಸ್ಥಾನದಲ್ಲಿಯೇ ನಿಲ್ಲಿಸಿದರು.

ಈ ಕೊನೆಯ ಸಂಗತಿಯ ಬೆಲೆ ಕರ್ನಾಟಕದ ಮಕ್ಕಳಿಗಿಂತ ನಮ್ಮ ಶಾಲೆಯ ಮಕ್ಕಳಿಗೆ ಬೇಗ ತಿಳಿಯುತ್ತದೆ. ಮನೆಯಲ್ಲಿ ನೀವು ಏಳು ಎನ್ನುತ್ತೀರಿ. ಬೀದಿಯಲ್ಲಿ ತೆಲುಗಿನ ಗೆಳೆಯರು ಏಡು ಎನ್ನುತ್ತಾರೆ. ಳ ಎಲ್ಲಿ, ಡ ಎಲ್ಲಿ! ಆದರೆ ಹಳಗನ್ನಡದಲ್ಲಿ ಅದು ಏೞ್. ತಮಿಳರು ಇಂದಿಗೂ ಆ ೞಕಾರವನ್ನು ಉಳಿಸಿಕೊಂಡಿದ್ದಾರೆ. ಒಂದೇ ಹಳೆಯ ಧ್ವನಿ ಕನ್ನಡದಲ್ಲಿ ಳಕಾರವಾಗಿಯೂ ತೆಲುಗಿನಲ್ಲಿ ಡಕಾರವಾಗಿಯೂ ಒಡೆಯಿತು. ಅಂತೆಯೇ ನಮ್ಮ ಹಾಲು ತೆಲುಗರ ಪಾಲು. ನಮ್ಮ ಹುಲಿ ಅವರ ಪುಲಿ. ನಮ್ಮ ಹೂವು ಅವರ ಪುವ್ವು. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಎಂದೇ ಹೇಳುತ್ತಿದ್ದೆವು. ಕಿಟ್ಟೆಲರು ಕನ್ನಡ ಪದಗಳ ಪಕ್ಕದಲ್ಲಿ ತೆಲುಗು, ತಮಿಳು, ಮಲಯಾಳ, ತುಳು, ಕೊಡವ, ಬಡಗ ನುಡಿಗಳ ನಂಟುಪದಗಳನ್ನು ಕೊಟ್ಟು, ಈ ಭಾಷೆಗಳು ಒಂದೇ ತಾಯಿಯ ಮಕ್ಕಳೆಂಬುದನ್ನು ಪುಟಪುಟದಲ್ಲಿಯೂ ಕಾಣುವಂತೆ ಮಾಡಿದರು. ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಪಡೆದಿರಬಹುದೆಂದು ಅವರಿಗೆ ತೋರಿದ ನಾನೂರಕ್ಕೂ ಮಿಕ್ಕ ಪದಗಳ ಪಟ್ಟಿಯನ್ನು ಪೀಠಿಕೆಯಲ್ಲಿ ಸೇರಿಸಿದರು. ಅವುಗಳಲ್ಲಿ ಎಷ್ಟು ನಿಲ್ಲುತ್ತವೆಂಬುದು ಪಂಡಿತರ ಚರ್ಚೆಗೆ ಬಿಟ್ಟದ್ದು. ಸಾಲ ಕೊಟ್ಟವರು ನಾವೂ ಇರಬಹುದೆಂದು ಆ ಕಾಲದಲ್ಲಿ ಹೇಳುವುದಕ್ಕೆ ಧೈರ್ಯ ಬೇಕಾಗಿತ್ತು.

ಇಂಥ ಗ್ರಂಥವನ್ನು ಮತಾಂತರದ ಸಾಧನವೆನ್ನುವವರು ಅದನ್ನು ಒಮ್ಮೆ ತೆರೆದು ನೋಡಬೇಕು. ಉಪದೇಶ ಮಾಡುವವನಿಗೆ ಸಂತೆಯ ಕನ್ನಡ ಸಾಕು. ಯಾರೂ ಆಡದ ಹಳಗನ್ನಡದ ಧಾತುಗಳಿಂದ ಅವನಿಗೆ ಪ್ರಯೋಜನವೇನು? ಮಿಷನ್ನಿನವರಿಗೆ ಭಾಷೆ ಕಲಿಯಲು ಕೋಶ ಬೇಕಾಗಿತ್ತು, ಸರ್ಕಾರದ ಧನಸಹಾಯವೂ ದೊರೆಯಿತು ಎಂಬುದು ನಿಜ. ಆರಂಭಕ್ಕೆ ಅದು ಕಾರಣವಾಯಿತು. ಆದರೆ ಸುಮಾರು 70,000 ಪದಗಳ, 1,700ಕ್ಕೂ ಮಿಕ್ಕ ಪುಟಗಳ ಈ ಹೆಬ್ಬೊತ್ತಗೆ ಆ ಅಗತ್ಯವನ್ನು ಎಂದೋ ದಾಟಿಹೋಗಿತ್ತು. ಸ್ವತಃ ಮಿಷನ್ನಿನವರಲ್ಲಿಯೇ ಇಷ್ಟು ವರ್ಷಗಳನ್ನು ಒಂದು ಕೋಶಕ್ಕೆ ಕಳೆಯುವುದು ಯುಕ್ತವೇ ಎಂಬ ಅಸಮಾಧಾನಕ್ಕೆ ಎಡೆಯಿತ್ತು.

ಇದರ ಯಶಸ್ಸನ್ನೆಲ್ಲ ಒಬ್ಬರ ತಲೆಗೇ ಕಟ್ಟುವುದೂ ನ್ಯಾಯವಲ್ಲ. ಓಲೆಗಳನ್ನು ಒದಗಿಸಿದವರು, ಕ್ಲಿಷ್ಟ ಪದ್ಯಗಳ ಅರ್ಥ ಬಿಡಿಸಿದವರು, ತಮ್ಮ ಊರಿನ ಮಾತುಗಳನ್ನು ಹೇಳಿಕೊಟ್ಟವರು ಕನ್ನಡದ ಪಂಡಿತರು ಮತ್ತು ಸಾಮಾನ್ಯ ಜನರು. ತೆಲುಗು ನಾಡಿನಲ್ಲಿಯೂ ಹೀಗೆಯೇ ನಡೆಯಿತು. ರಾಜಮಹೇಂದ್ರವರ, ಮಚಲೀಪಟ್ಟಣ, ಕಡಪಗಳಲ್ಲಿ ಅಧಿಕಾರಿಯಾಗಿದ್ದ ಚಾರ್ಲ್ಸ್ ಫಿಲಿಪ್ ಬ್ರೌನರು ಪಂಡಿತರ ನೆರವಿನಿಂದ ತೆಲುಗು-ಇಂಗ್ಲಿಷ್ ನಿಘಂಟನ್ನು 1852ರಲ್ಲಿ ಹೊರತಂದರು. ತೆಲುಗರು ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಕಡಪದಲ್ಲಿ ಅವರ ಹೆಸರಿನ ಗ್ರಂಥಾಲಯವೇ ಇದೆ. ಬ್ರೌನರು ಕಂಪನಿಯ ಅಧಿಕಾರಿ, ಪಾದ್ರಿಯಲ್ಲ. ಕಿಟ್ಟೆಲರು ಪಾದ್ರಿ, ಕಂಪನಿಯ ಅಧಿಕಾರಿಯಲ್ಲ. ಎರಡು ಬಗೆಯ ಜನರನ್ನೂ ಬೆರೆಸಿ ಒಂದೇ ಹೆಸರಿನಿಂದ ಕರೆಯುವ ಅಭ್ಯಾಸ ನಮ್ಮಲ್ಲಿ ಹೇಗೆ ಬೆಳೆಯಿತೋ ತಿಳಿಯದು.

ನಡುವೆ ಒಮ್ಮೆ ಸ್ವದೇಶಕ್ಕೆ ಹೋಗಿದ್ದ ಕಿಟ್ಟೆಲರು, ಅಲ್ಲಿ ಕುಳಿತು ಕೋಶ ಮುಗಿಯದೆಂದು ಮತ್ತೆ ಕನ್ನಡ ನಾಡಿಗೆ ಬಂದಿದ್ದರು. ಜೀವಂತ ನುಡಿಯನ್ನು ಕಿವಿಯಿಂದಲೇ ಕೇಳಬೇಕಷ್ಟೆ. 1890ರ ದಶಕದ ಆರಂಭದಲ್ಲಿ ಅವರು ಕೊನೆಯ ಬಾರಿಗೆ ಭಾರತವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂದಿತು. ಅರುವತ್ತೆರಡು ವರ್ಷದ ವೃದ್ಧರು ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿದ್ದರು. ಅಲ್ಲಿಯ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಅಷ್ಟಕ್ಕೆ ಲೇಖನಿಯನ್ನು ಕೆಳಗಿಡದೆ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನೂ ಒಳಗೊಂಡ ದೊಡ್ಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ ಕಿಟ್ಟೆಲರು ಟ್ಯೂಬಿಂಗನ್ನಿನಲ್ಲಿ ನಿಧನರಾದರು.

ಅವರ ಸಂಸ್ಥೆಗೆ ಮುಂದೆ ಒದಗಿದ ಗತಿಯನ್ನು ಇಲ್ಲಿ ಹೇಳಲೇಬೇಕು. ಬಾಸೆಲ್ ಮಿಷನ್ನು ಕರಾವಳಿಯಲ್ಲಿ ಶಾಲೆ, ಮುದ್ರಣಾಲಯಗಳ ಜೊತೆಗೆ ನೇಯ್ಗೆಯ ಹಾಗೂ ಹೆಂಚಿನ ಕಾರ್ಖಾನೆಗಳನ್ನೂ ನಡೆಸುತ್ತಿತ್ತು. ಮಂಗಳೂರು ಹೆಂಚೆಂದು ಹೆಸರಾದುದು 1865ರಲ್ಲಿ ಅವರು ತೆರೆದ ಕಾರ್ಖಾನೆಯಿಂದ. 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರ್ಕಾರವು ಈ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಅನಂತರ ದೇಶದಿಂದ ಹೊರಡಿಸಿತು. ಕಾರ್ಖಾನೆಗಳನ್ನೂ ವ್ಯಾಪಾರವನ್ನೂ ವಶಪಡಿಸಿಕೊಂಡಿತು. ಕಿಟ್ಟೆಲರು ಹನ್ನೊಂದು ವರ್ಷ ಹೆಚ್ಚು ಬದುಕಿ ಧಾರವಾಡದಲ್ಲಿಯೇ ಇದ್ದಿದ್ದರೆ, ಅವರನ್ನೂ ಕಾವಲಿನಲ್ಲಿಡಲು ಇಂಗ್ಲಿಷ್ ಸರ್ಕಾರ ಹಿಂಜರಿಯುತ್ತಿರಲಿಲ್ಲ.

ನಿಘಂಟು ಮಾತ್ರ ನಿಲ್ಲದೆ ಮುಂದುವರಿಯಿತು. ಕಿಟ್ಟೆಲರ ನಿಘಂಟು ಹೊರಬಂದಾಗ ಕವಿರಾಜಮಾರ್ಗ, ಪಂಪಭಾರತ ಅಚ್ಚಾಗಿರಲಿಲ್ಲ. ಅವೆರಡೂ ಬೆಳಕು ಕಂಡದ್ದು 1898ರಲ್ಲಿ. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಬಂದದ್ದು 1923ರಲ್ಲಿ. ಈ ಗ್ರಂಥಗಳ ಪದಸಂಪತ್ತು ಅವರ ಕೋಶದಲ್ಲಿ ಸಾಲದೆ ಹೋದುದು ಸಹಜ. ಆ ಕೊರತೆಯನ್ನು ನೀಗಲು ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ. ಮರಿಯಪ್ಪ ಭಟ್ಟರು ಕಿಟ್ಟೆಲ್ ಕೋಶವನ್ನು ಪರಿಷ್ಕರಿಸಿ, ವಿಸ್ತರಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ-ಕನ್ನಡ ನಿಘಂಟು 1995ರಲ್ಲಿ ಪೂರ್ಣವಾಯಿತು. ಹೀಗೆ ಹೊಸ ಕೋಶಗಳು ಬಂದರೂ ಹಳೆಯ ಪದವೊಂದರ ಜಾಡು ಹಿಡಿಯಬೇಕಾದವರು ಇಂದಿಗೂ ಕಿಟ್ಟೆಲ್ ಕೋಶವನ್ನೇ ತೆರೆಯುತ್ತಾರೆ. ಅದನ್ನು ಕೊಳ್ಳಲು ಸಾಮರ್ಥ್ಯವಿಲ್ಲದ ವಿದ್ಯಾರ್ಥಿಯೂ ಅದರ ಮೂಲ ಪುಟಗಳನ್ನು ಈಗ ಗಣಕಯಂತ್ರದಲ್ಲಿ ಹಣ ಕೊಡದೆ ಓದಬಹುದು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ.